ನಾಲ್ಕನೇ ಚುಕ್ಕಿ

ನೀರು ಸರಬರಾಜು ಮಂಡಳಿಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಟಿಪ್ಪಣಿಯಮ್ಮ ಎಂದೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ನಡೆಯುವ ಮಂಡಳಿಯ ಸಭೆಯಲ್ಲಿ ಯಾರು ಏನು ಹೇಳಿದರು, ಯಾರು ಅದನ್ನು ಅಲ್ಲಗಳೆದರು, ಯಾರು ತೂಕಡಿಕೆಯಿಂದ ಎಚ್ಚೆತ್ತು ಎರಡಕ್ಕೂ ಹೌದೆಂದರು ಎಂಬುದನ್ನೆಲ್ಲ ಬರೆದುಕೊಳ್ಳುವುದು ಅವಳ ಕೆಲಸ. ಮುಂದಿನ ಸಭೆ ಶುರುವಾಗುವಾಗ ಅದನ್ನೇ ಗಟ್ಟಿಯಾಗಿ ಓದಿ ಹೇಳಬೇಕು. ಸದಸ್ಯರು ಒಪ್ಪಿದರೆ ನಡಾವಳಿ ಅಂಗೀಕಾರವಾದಂತೆ. ಹುಟ್ಟಿನಿಂದಲೇ ಕಣ್ಣು ಕಾಣದ ಅವಳು ಬರೆಯುತ್ತಿದ್ದದ್ದೂ ಓದುತ್ತಿದ್ದದ್ದೂ ಒಂದು ಬ್ರೈಲ್ ಯಂತ್ರದಲ್ಲಿ.

ಕಚೇರಿಯೇ ಕೊಟ್ಟ ಆ ಯಂತ್ರಕ್ಕೆ ಹದಿನಾಲ್ಕು ವರ್ಷ. ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಗಿಂತ ಸ್ವಲ್ಪವೇ ಹಗುರ. ಮೇಲ್ಗಡೆ ಬರೆಯುವುದಕ್ಕೆ ಆರು ಗುಂಡಿ, ಕೆಳಗಡೆ ಓದುವುದಕ್ಕೆ ಒಂದು ಸಾಲು. ಆ ಸಾಲಿನಲ್ಲಿ ಚದುರಂಗದ ಹಲಗೆಯ ಹಾಗೆ ಇಪ್ಪತ್ತು ಮನೆ. ಒಂದೊಂದು ಮನೆಯಲ್ಲೂ ಸಾಸಿವೆಗಿಂತ ಸಣ್ಣ ಆರು ಚುಕ್ಕಿಗಳಲ್ಲಿ ಬೇಕಾದವು ಮೇಲೆದ್ದು ಅಕ್ಷರವಾಗುತ್ತವೆ, ಸಾಲು ಓದಿ ಗುಂಡಿ ಒತ್ತಿದರೆ ಇಳಿದು ಇನ್ನೊಂದು ಅಕ್ಷರಕ್ಕೆ ಜಾಗ ಬಿಡುತ್ತವೆ. ಗುಂಡಿಗಳ ಅಂಚು ಅವಳ ಬೆರಳಿನ ಅಳತೆಗೇ ಸವೆದಿತ್ತು. ದರ್ಜಿ ಕೆಲಸದ ಗಂಡ ಅದಕ್ಕೆ ಒಂದರ ಮೇಲೊಂದರಂತೆ ಮೂರು ಚೀಲ ಹೊಲಿದುಕೊಟ್ಟಿದ್ದ. "ನನಗೆ ಎರಡು ಅಂಗಿ, ಅದಕ್ಕೆ ಮೂರು. ಮನೇಲಿ ಯಾರಿಗೆ ಮರ್ಯಾದೆ ಜಾಸ್ತಿ ಅಂತ ಇದರಲ್ಲೇ ಗೊತ್ತಾಗುತ್ತೆ" ಎಂದು ಅವನು ಆಗಾಗ ಹೇಳುವುದಿತ್ತು.

ಎಂಟು ತಿಂಗಳ ಹಿಂದೆ ಮೊದಲ ಮನೆಯ ನಾಲ್ಕನೇ ಚುಕ್ಕಿ ಮೇಲೇಳುವುದನ್ನು ನಿಲ್ಲಿಸಿಬಿಟ್ಟಿತು. ಉಳಿದ ಹತ್ತೊಂಬತ್ತು ಮನೆಗಳಲ್ಲಿ ಯಾವ ತಕರಾರೂ ಇರಲಿಲ್ಲ. ಮೊದಲ ಮನೆಯಲ್ಲಿ ಮಾತ್ರ ಪ ಬಂದರೆ ಲ ಆಗುತ್ತಿತ್ತು, ಗ ಬಂದರೆ ಹ ಆಗುತ್ತಿತ್ತು, ಮ ಬಂದರೆ ಕ ಆಗುತ್ತಿತ್ತು. ಬ್ರೈಲಿನಲ್ಲಿ ಈ ಜೋಡಿಗಳ ನಡುವೆ ಇರುವುದು ಆ ಒಂದು ಚುಕ್ಕಿಯ ವ್ಯತ್ಯಾಸವಷ್ಟೇ. ಸಾಲಿನ ಮೊದಲಿಗೆ 'ಲೈಪು' ಎಂದು ಸಿಕ್ಕರೆ ಅದು ಪೈಪು ಎಂದು ತಿಳಿಯಲು ನೀರಿನ ಮಂಡಳಿಯಲ್ಲಿ ಇಷ್ಟು ವರ್ಷ ಸವೆಸಿದವಳಿಗೆ ಕಷ್ಟವೇನಿಲ್ಲ. ಆದರೆ 'ಕಳೆ' ಎಂದು ಸಿಕ್ಕಾಗ ಅದು ಕಳೆಯೋ ಮಳೆಯೋ ಎಂದು ತಿಳಿಯಲು ಮುಂದಿನ ಎರಡು ಪದಗಳವರೆಗೆ ಬೆರಳು ಓಡಿಸಿ ನೋಡಬೇಕಾಗುತ್ತಿತ್ತು. ಮೂರನೇ ಮೆಟ್ಟಿಲು ಸಡಿಲವಾಗಿದೆ ಎಂದು ಗೊತ್ತಿರುವ ಮನೆಯವರು ಎರಡರಿಂದ ನೇರ ನಾಲ್ಕಕ್ಕೆ ಕಾಲಿಡುವುದಿಲ್ಲವೇ, ಹಾಗೆ ಅವಳೂ ರೂಢಿ ಮಾಡಿಕೊಂಡಿದ್ದಳು. ಸಡಿಲ ಮೆಟ್ಟಿಲಿನ ವಿಷಯ ಹೊರಗಿನವರಿಗೆ ಹೇಳಲಿಲ್ಲ, ಅಷ್ಟೆ.

ಹೇಳದೇ ಇರುವುದಕ್ಕೆ ಕಾರಣ ಅವಳ ಅಣ್ಣ.

ಅಣ್ಣ ಅವಳಿಗಿಂತ ಮೂರು ವರ್ಷ ದೊಡ್ಡವನು, ಅವನಿಗೂ ಕಣ್ಣು ಕಾಣದು, ಅಂಧ ಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಚಿಕ್ಕವರಿದ್ದಾಗ ಇಬ್ಬರಿಗೂ ಸೇರಿ ಮನೆಯಲ್ಲಿ ಒಂದೇ ಬ್ರೈಲ್ ಸ್ಲೇಟು ಇತ್ತು. ಅದಕ್ಕಾಗಿ ಕಿತ್ತಾಡಿಕೊಂಡೇ ಇಬ್ಬರೂ ಅಕ್ಷರ ಕಲಿತರು. ಅಣ್ಣ ಒಳ್ಳೆಯವನು, ತಂಗಿಯೆಂದರೆ ಪ್ರಾಣ. ಆದರೆ ಅವನ ಬಾಯಲ್ಲಿ ಒಂದು ಮಾತಿತ್ತು: "ನಾನು ಹೇಳಿರಲಿಲ್ವಾ?" ಅವಳು ಓಟದ ಪಂದ್ಯದಲ್ಲಿ ಬಿದ್ದು ಮಂಡಿ ತರಚಿಕೊಂಡಾಗ ಹೇಳಿದ. ಭೂಗೋಳ ತೆಗೆದುಕೊಂಡು ಕಷ್ಟಪಟ್ಟಾಗ ಹೇಳಿದ. ದರ್ಜಿ ಒಳ್ಳೆಯ ಮನುಷ್ಯ, ಮದುವೆಯಾಗು ಎಂದು ಅವನು ಅಂದಿದ್ದಕ್ಕೆ ಅವಳು ಎರಡು ವರ್ಷ ಸತಾಯಿಸಿ ಕೊನೆಗೆ ಒಪ್ಪಿದಳು. ಮದುವೆಯ ದಿನ ಹಾರ ಹಾಕಿಕೊಂಡು ನಿಂತಿದ್ದವಳ ಕಿವಿಯ ಹತ್ತಿರ ಬಂದು ಆಗಲೂ ಹೇಳಿದ.

ಈಗ ಮೂರು ತಿಂಗಳ ಹಿಂದೆ ಅವನು ಹೊಸ ಯಂತ್ರ ಕೊಂಡಿದ್ದ. ನಲವತ್ತು ಮನೆ. ಅದು ಮಾತೂ ಆಡುತ್ತದೆ, ಕಾಗದಪತ್ರ ಕಳಿಸುತ್ತದೆ, ಗಂಟೆ ಎಷ್ಟೆಂದು ಹೇಳುತ್ತದೆ. ದಿನಾ ಸಂಜೆ ಫೋನ್ ಮಾಡಿ ಅದರ ಒಂದೊಂದೇ ಗುಣಗಾನ ಮಾಡುತ್ತಿದ್ದ, ಒಂದೇ ದಿನ ಎಲ್ಲ ಹೇಳಿದರೆ ನಾಳೆಗೇನು ಉಳಿಯುತ್ತದೆ ಎಂಬಂತೆ. ಕೊನೆಗೆ ಪ್ರತಿ ಸಲವೂ ಒಂದೇ ಮಾತು: "ನಿನ್ನ ಆ ಡಬ್ಬ ಒಂದಿನ ಕೈ ಕೊಡುತ್ತೆ, ಬರೆದಿಟ್ಕೋ."

"ಬರೆದಿಟ್ಕೊಳ್ತೀನಿ. ಅದರಲ್ಲೇ" ಎನ್ನುತ್ತಿದ್ದಳು ಅವಳು.

ಒಂದು ಭಾನುವಾರ ಅಣ್ಣ ಯಂತ್ರವನ್ನೇ ಹೊತ್ತುಕೊಂಡು ಮನೆಗೆ ಬಂದ. ಹಸುಗೂಸನ್ನು ಎತ್ತಿಕೊಂಡ ಹಾಗೆ ಎದೆಗೆ ಅವುಚಿಕೊಂಡು ತಂದು ಮುಂದಿನ ಕೋಣೆಯಲ್ಲಿ ದರ್ಜಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ. ಭಾವಂದಿರಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವವರು. ಅವರ ಮಾತಿಗೆ ಶುರುವೂ ಭಾವ, ಕೊನೆಯೂ ಭಾವ.

"ಭಾವ, ಗುಂಡಿ ಒತ್ತಿ ನೋಡಿ" ಎಂದ ಅಣ್ಣ.

ದರ್ಜಿ ಒತ್ತಿದ. ನೆಗಡಿಯಾದ ಟೀಚರಮ್ಮನ ದನಿಯಲ್ಲಿ ಯಂತ್ರ, "ಸಿದ್ಧವಾಗಿದೆ" ಎಂದಿತು.

"ಅಬ್ಬಾ, ಕರೆಂಟು ಹೋದ್ರೂ ಮಾತಾಡುತ್ತಾ ಭಾವ?"

"ಇಪ್ಪತ್ತು ಗಂಟೆ ಮಾತಾಡುತ್ತೆ ಭಾವ."

"ಹಾಗಾದ್ರೆ ನಮ್ಮ ಮನೇಲಿ ಆಗಲೇ ಒಂದು ಇದೆ" ಎಂದು ದರ್ಜಿ ಕತ್ತರಿ ಕೈಗೆತ್ತಿಕೊಂಡ.

ಅಣ್ಣ ತಂಗಿಯ ಕಡೆ ತಿರುಗಿದ. "ಕೈ ಇಟ್ಟು ನೋಡು."

"ಕೈ ಒದ್ದೆ ಇದೆ."

"ಒರೆಸ್ಕೋ."

"ಆಮೇಲೆ ನೋಡ್ತೀನಿ. ಎಲ್ಲಿಗೂ ಓಡಿಹೋಗಲ್ವಲ್ಲ ಅದು."

ಊಟವಾಯಿತು. ಅಣ್ಣ ಕೈ ತೊಳೆದು ಹಾಗೇ ಬಚ್ಚಲಮನೆಗೆ ಹೋದ. ಬಾಗಿಲ ಚಿಲಕ ಬಿದ್ದ ಸದ್ದು ಕೇಳಿದ್ದೇ ತಡ, ಟಿಪ್ಪಣಿಯಮ್ಮ ಮೆಲ್ಲಗೆ ಮೇಜಿನ ಹತ್ತಿರ ಬಂದು ಯಂತ್ರದ ಸಾಲಿನ ಮೇಲೆ ಬೆರಳಿಟ್ಟಳು. ಓಣಿಯಲ್ಲಿ ನಡೆದು ಅಭ್ಯಾಸವಾದವರು ಹೆದ್ದಾರಿಗೆ ಬಂದ ಹಾಗಾಯಿತು. ಬೆರಳು ಹೋಗುತ್ತಲೇ ಇತ್ತು, ಸಾಲು ಮುಗಿಯುತ್ತಲೇ ಇರಲಿಲ್ಲ. ಚುಕ್ಕಿಗಳು ಗಟ್ಟಿ, ಚೂಪು, ಒಂದೂ ಸೋತಿರಲಿಲ್ಲ. ಅವಳಿಗೆ ತಡೆಯಲಾಗಲಿಲ್ಲ. ಗುಂಡಿಗಳ ಮೇಲೆ ಕೈಯಾಡಿಸಿ ಒಂದು ಸಾಲು ಬರೆದಳು. ಬರೆದು ಮುಗಿಸಿ ಅಭ್ಯಾಸಬಲದಿಂದ ಕೊನೆಯ ಗುಂಡಿಯನ್ನೂ ಒತ್ತಿದಳು.

"ಅಣ್ಣ ಜಂಭದ ಕೋಳಿ" ಎಂದಿತು ಯಂತ್ರ, ಇಡೀ ಮನೆಗೆ ಕೇಳುವಂತೆ. ಆಮೇಲೆ ಸ್ವಲ್ಪ ತಡೆದು, "ಉಳಿಸಲಾಗಿದೆ" ಎಂದಿತು.

ದರ್ಜಿಯ ಕತ್ತರಿ ನಿಂತಿತು. ಬಚ್ಚಲಮನೆಯಲ್ಲಿ ನಲ್ಲಿ ನಿಂತಿತು. ಅಣ್ಣ ಹೊರಗೆ ಬಂದು, ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಹೇಳಿದ: "ಅಳಿಸೋದು ಹೇಗೆ ಅಂತ ಮಾತ್ರ ಕೇಳಬೇಡ, ಹೇಳಲ್ಲ. ನೀನು ಇದನ್ನ ಮುಟ್ಟಿದೆ ಅನ್ನೋದಕ್ಕೆ ನನಗೊಂದು ಪುರಾವೆ ಬೇಕು."

ಮಾರನೆಯ ದಿನ ಕಚೇರಿಯಲ್ಲಿ ಹಳೆಯ ಯಂತ್ರದ ಮೇಲೆ ಬೆರಳಿಟ್ಟರೆ ಸಾಲು ತೀರ ಗಿಡ್ಡ ಅನ್ನಿಸಿತು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಅದೇ ಹೊತ್ತಿಗೆ ಉಗ್ರಾಣದ ಗುಮಾಸ್ತ ಒಂದು ಸುತ್ತೋಲೆ ಹಿಡಿದುಕೊಂಡು ಬಂದ. ಸಿಬ್ಬಂದಿಯ ಹಳೆಯ ಸಲಕರಣೆ ಬದಲಿಸಿಕೊಡುತ್ತಾರೆ, ತಿಂಗಳ ಕೊನೆಯೊಳಗೆ ಅರ್ಜಿ ಕೊಡಬೇಕು, ತಪ್ಪಿದರೆ ಇನ್ನು ಮೂರು ವರ್ಷ ಆ ಮಾತಿಲ್ಲ.

"ನಿಮ್ಮದು ಬರ್ಕೊಳ್ಳಲಾ ಮೇಡಂ? ಒಂದೇ ಪ್ರಶ್ನೆ ಇರೋದು. ಹಾಲಿ ಯಂತ್ರ ನಿರುಪಯುಕ್ತವೇ? ಹೌದು, ಇಲ್ಲ."

"ನಿರುಪಯುಕ್ತ ಅಂತ ಹೇಗೆ ಹೇಳ್ಲಿ? ನಡೀತಾ ಇದೆಯಲ್ಲ."

"ಹಾಗಾದ್ರೆ ಇಲ್ಲ ಅಂತ ಬರೀತೀನಿ. ಹೊಸದು ಬರಲ್ಲ."

"ಸ್ವಲ್ಪ ತೊಂದರೆ ಕೊಡುತ್ತೆ ಅಂತ ಬರೆಯೋಕಾಗಲ್ವಾ?"

"ಸ್ವಲ್ಪಕ್ಕೆ ಇದರಲ್ಲಿ ಜಾಗ ಇಲ್ಲ ಮೇಡಂ. ಹೌದು ಅಂದ್ರೆ ಹೊಸದು ಬರುತ್ತೆ, ಹಳೇದನ್ನ ಉಗ್ರಾಣಕ್ಕೆ ಒಪ್ಪಿಸಬೇಕು. ಇಲ್ಲ ಅಂದ್ರೆ ಅದೂ ಇಲ್ಲ, ಇದೂ ಇಲ್ಲ."

ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಸಾಗಹಾಕಿದಳು. ಬದಲಿಸುವ ಬದಲು ರಿಪೇರಿಯೇ ಮಾಡಿಸಿಬಿಟ್ಟರೆ ಅಣ್ಣನಿಗೆ ಗೊತ್ತಾಗುವ ಪ್ರಮೇಯವೇ ಇಲ್ಲ ಎಂದು ಕಂಪನಿಗೆ ಫೋನ್ ಮಾಡಿದಳು. ಅತ್ತ ಕಡೆಯವನು ಯಂತ್ರದ ನಮೂನೆಯ ಸಂಖ್ಯೆಯನ್ನು ಎರಡು ಸಲ ಹೇಳಿಸಿಕೊಂಡ.

"ಅದು ಇನ್ನೂ ಓಡ್ತಾ ಇದೆಯಾ ಮೇಡಂ?"

"ಓಡಲ್ಲ. ಮೇಜಿನ ಮೇಲೇ ಇರುತ್ತೆ. ಒಂದು ಚುಕ್ಕಿ ಏಳ್ತಾ ಇಲ್ಲ, ಅಷ್ಟೆ."

"ಬಿಡಿಭಾಗ ಸಿಗಲ್ಲ ಮೇಡಂ. ಅದನ್ನ ಮಾಡ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯ್ತು." ಆಮೇಲೆ ಸಂಕೋಚದಿಂದ ಕೇಳಿದ: "ಬೇಜಾರು ಮಾಡ್ಕೋಬೇಡಿ, ಅದರದೊಂದು ಫೋಟೋ ತೆಗೆಸಿ ಕಳಿಸ್ತೀರಾ? ಇಲ್ಲಿ ನಾವ್ಯಾರೂ ನೋಡೇ ಇಲ್ಲ."

ಅವಳು ಫೋಟೋ ಕಳಿಸಲಿಲ್ಲ. ಅರ್ಜಿಯನ್ನೂ ಕೊಡಲಿಲ್ಲ. ಇಂದು ನಾಳೆ ಎಂದು ದಿನ ದೂಡುತ್ತಿರುವಾಗಲೇ ತಿಂಗಳ ಸಭೆ ಬಂತು.

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಸುತ್ತ ಹದಿನೆಂಟು ಕುರ್ಚಿ. ಹದಿನೆಂಟೂ ಬೇರೆ ಬೇರೆ ರಾಗದಲ್ಲಿ ಕಿರುಗುಟ್ಟುತ್ತಿದ್ದುದರಿಂದ ಯಾರು ಅಲುಗಾಡಿದರು ಎಂದು ಅವಳಿಗೆ ತಿಳಿಯುತ್ತಿತ್ತು. ಅಧ್ಯಕ್ಷರ ಎಡಗಡೆ ಅವಳ ಜಾಗ. ಎದುರಿನ ತುದಿಯಲ್ಲಿ ಮೇಲ್ಬಡಾವಣೆಯ ಸದಸ್ಯ. ಅವನ ಬಡಾವಣೆ ದಿಬ್ಬದ ಮೇಲಿತ್ತು, ನೀರು ಅಲ್ಲಿಗೆ ಸರಿಯಾಗಿ ಹತ್ತುತ್ತಿರಲಿಲ್ಲ. ಅವನ ಸಿಟ್ಟು ಮಾತ್ರ ಇಳಿದು ಇಲ್ಲಿಗೆ ಬರುತ್ತಿತ್ತು.

ಟಿಪ್ಪಣಿಯಮ್ಮ ಹಿಂದಿನ ಸಭೆಯ ನಡಾವಳಿ ಓದತೊಡಗಿದಳು. ಮೊದಲ ವಿಷಯ, ನೀರಿನ ತೊಟ್ಟಿಗಳ ಹತ್ತಿರ ಎಚ್ಚರಿಕೆಯ ಫಲಕ ಹಾಕುವುದು. ಫಲಕದ ಅಳತೆ, ಫಲಕದ ಬಣ್ಣ, ಅದನ್ನು ತಂತಿಯಲ್ಲಿ ಕಟ್ಟಬೇಕೋ ಮರದ ಚೌಕಟ್ಟಿಗೆ ಬಡಿಯಬೇಕೋ ಎಂದು ಅರ್ಧ ಗಂಟೆ ನಡೆದ ಚರ್ಚೆ. ಅದು ಮುಗಿದು ಮುಂದಿನ ಸಾಲಿಗೆ ಬಂದಾಗ ಬೆರಳಿಗೆ 'ಕೊಳೆ' ಎಂದು ಸಿಕ್ಕಿತು. ಅವಳ ತಲೆಯಲ್ಲಿ ಇನ್ನೂ ಫಲಕ ಬಡಿಯುವ ಸದ್ದೇ ಇತ್ತು. ಮೊದಲ ಮನೆಯ ಕ, ಅಂದರೆ ಮ ಇರಬೇಕು ಎಂದು ಮುಂದೆ ನೋಡದೆ ಓದಿಬಿಟ್ಟಳು: "ಮೊಳೆ ನೀರು ಬರುತ್ತಿದೆ ಎಂದು ಮೇಲ್ಬಡಾವಣೆಯ ಸದಸ್ಯರು ದೂರಿದರು."

ಕುರ್ಚಿಗಳು ಕಿರುಗುಟ್ಟಿದವು. ಮೇಲ್ಬಡಾವಣೆಯ ಸದಸ್ಯ ಹೇಳಿದ: "ಕೊಳೆ ನೀರು ಅಂದಿದ್ದೆ ಮೇಡಂ. ಇರ್ಲಿ, ಮೊಳೆನೂ ಬರುತ್ತೆ, ಬರ್ಕೊಳ್ಳಿ. ಬರದೇ ಇರೋದು ನೀರೊಂದೇ."

ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷದಲ್ಲಿ ಓದುವಾಗ ಒಮ್ಮೆಯೂ ಹೀಗೆ ಎಡವಿದವಳಲ್ಲ. ಇನ್ನು ಊಹೆಯ ಸಹವಾಸವೇ ಬೇಡ, ಬೆರಳಿಗೆ ಏನು ಸಿಗುತ್ತದೋ ಅದನ್ನೇ ಓದುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಮುಂದಿನ ಸಾಲಿಗೆ ಹೋದಳು. ಅವಳು ಬರೆದಿದ್ದದ್ದು 'ಮತ್ತೆ ಅಧ್ಯಕ್ಷರು ಎದ್ದು ನಿಂತು' ಎಂದು. ಬೆರಳಿಗೆ ಏನು ಸಿಕ್ಕಿತೋ ಅದನ್ನು ತಪ್ಪದೆ, ಸ್ಪಷ್ಟವಾಗಿ, ಪ್ರತಿ ಅಕ್ಷರಕ್ಕೂ ಒತ್ತು ಕೊಟ್ಟು ಓದಿದಳು:

"ಕತ್ತೆ ಅಧ್ಯಕ್ಷರು ಎದ್ದು ನಿಂತು ಎಲ್ಲರಿಗೂ ಸಮಾಧಾನ ಹೇಳಿದರು."

'ನಿಂತು' ಎನ್ನುವ ಹೊತ್ತಿಗೆ ಅವಳ ಕಿವಿಗೆ ತಾನು ಓದಿದ್ದು ಬಿತ್ತು. ಆದರೆ ಬಾಯಿ ಆಗಲೇ ವಾಕ್ಯದ ಕೊನೆಗೆ ಹೋಗಿತ್ತು. ಹದಿನೆಂಟು ಕುರ್ಚಿಗಳಲ್ಲಿ ಒಂದೂ ಕಿರುಗುಟ್ಟಲಿಲ್ಲ. ಯಾರೋ ಕೆಮ್ಮು ಬಂದವರಂತೆ ಮುಖಕ್ಕೆ ಕರವಸ್ತ್ರ ಒತ್ತಿಕೊಂಡ ಸದ್ದು.

ಮೇಲ್ಬಡಾವಣೆಯ ಸದಸ್ಯ ಎದ್ದ. "ಅಧ್ಯಕ್ಷರೇ, ನಡಾವಳಿ ಬಹಳ ಸರಿಯಾಗಿದೆ. ಓದಿದ ಹಾಗೇ, ಒಂದಕ್ಷರನೂ ಬದಲಾಯಿಸದೆ ಅಂಗೀಕರಿಸಬೇಕು ಅಂತ ಸೂಚಿಸ್ತೀನಿ."

"ನಾನು ಅನುಮೋದಿಸ್ತೀನಿ" ಎಂದಿತು ಪಕ್ಕದ ಕುರ್ಚಿ.

"ಸರ್, ಒಂದು ತಿದ್ದುಪಡಿ..." ಎಂದು ಅವಳು ಬಾಯಿ ತೆರೆದಳು.

"ಆಕ್ಷೇಪ ಯಾರದೂ ಇಲ್ವಲ್ಲ?" ಎಂದು ಅಧ್ಯಕ್ಷರು ತಮ್ಮ ದಪ್ಪ ದನಿಯಲ್ಲಿ ಕೇಳಿದರು. "ಹಾಗಾದ್ರೆ ಸರ್ವಾನುಮತದಿಂದ ಅಂಗೀಕಾರವಾಗಿದೆ." ಮೇಜು ಕುಟ್ಟಿದರು. ಅಲ್ಲಿಗೆ ಕೋಣೆಯ ಕಟ್ಟೆ ಒಡೆಯಿತು. ಆ ನಗು ಎಷ್ಟು ಹೊತ್ತು ನಡೆಯಿತೆಂದರೆ ಜಾಡಮಾಲಿ ಬಾಗಿಲು ತೆರೆದು ಇಣುಕಿ ನೋಡಿದ.

ಸಭೆ ಮುಗಿದ ಮೇಲೆ ಅಧ್ಯಕ್ಷರಿಂದ ಕರೆ ಬಂತು. ಅವರ ಕೋಣೆಗೆ ಹೋಗುವ ಹನ್ನೆರಡು ಹೆಜ್ಜೆಯಲ್ಲಿ ಅವಳು ಮೂರು ಬಗೆಯ ಕ್ಷಮಾಪಣೆ ಸಿದ್ಧ ಮಾಡಿಕೊಂಡಳು.

"ಕೂತ್ಕೊಳ್ಳಿ" ಎಂದರು ಅಧ್ಯಕ್ಷರು. "ಬಾಗಿಲು ಹಾಕಿದೀನಿ. ಈಗ ನೀವೇ ಹೇಳ್ಬೇಕು. ಅವರೆಲ್ಲ ಯಾಕೆ ನಕ್ಕಿದ್ದು?"

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಸರ್?"

"ಮತ್ತೆ ಅಧ್ಯಕ್ಷರು ಎದ್ದು ನಿಂತು ಅಂತ ತಾನೇ ಓದಿದ್ದು? ಅದರಲ್ಲಿ ನಗೋದೇನಿದೆ?"

ಆಗ ಹೊಳೆಯಿತು. ಅಧ್ಯಕ್ಷರ ಕಿವಿ ಮಂದ ಎಂಬುದು ಕಚೇರಿಗೆಲ್ಲ ಗೊತ್ತಿದ್ದ ಗುಟ್ಟು. ಎದುರಿಗೆ ಕೂತು ಆಡಿದ ಮಾತು ಕೇಳಿಸುತ್ತಿತ್ತು, ಸಭೆಯಲ್ಲಿ ಅಂದಾಜಿನ ಮೇಲೆ ನಡೆಸುತ್ತಿದ್ದರು. ಅವರು ಕೇಳಿಸಿಕೊಂಡದ್ದು 'ಮತ್ತೆ' ಎಂದೇ. ಹೌದು ಸರ್, ಹಾಗೇ ಓದಿದೆ, ಯಾಕೆ ನಕ್ಕರೋ ಗೊತ್ತಿಲ್ಲ ಎಂದುಬಿಟ್ಟರೆ ಮುಗಿಯಿತು. ಆ ವಾಕ್ಯ ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇಷ್ಟು ವರ್ಷ ಇನ್ನೊಬ್ಬರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದವಳಿಗೆ, ತಾನು ಹೇಳಿದ್ದನ್ನು ಬೇರೆ ಮಾಡಿ ಹೇಳಲು ಬರಲಿಲ್ಲ.

"ಸರ್, 'ಮತ್ತೆ' ಇದ್ದ ಕಡೆ ನಾನು 'ಕತ್ತೆ' ಅಂತ ಓದಿದೆ."

ಅಧ್ಯಕ್ಷರು ಕುರ್ಚಿಯನ್ನು ಅವಳ ಕಡೆಗೆ ಎಳೆದುಕೊಂಡರು.

"ಕತ್ತೆ ಅಧ್ಯಕ್ಷರು?"

"ಹೌದು ಸರ್."

"ಸರ್ವಾನುಮತದಿಂದ ಅಂಗೀಕಾರ ಆಯ್ತಲ್ವಾ ಅದು?"

"ಆಯ್ತು ಸರ್."

"ನಾನೇ ಮಾಡ್ದೆ."

"ಹೌದು ಸರ್. ನಾನು ತಡೆಯೋಕೆ ನೋಡ್ದೆ, ನಿಮಗೆ ಕೇಳಿಸ್ಲಿಲ್ಲ."

ಇನ್ನೇನು ಸಿಡಿಲು ಬೀಳುತ್ತದೆ ಎಂದು ಅವಳು ಸೆರಗು ಬಿಗಿಹಿಡಿದು ಕೂತಳು. ಬಂದದ್ದು ನಗು. ಮೊದಲು ಅವರ ಕುರ್ಚಿ ನಡುಗಿತು, ಆಮೇಲೆ ಮೇಜು, ಆಮೇಲೆ ಮೇಜಿನ ಮೇಲಿನ ನೀರಿನ ಲೋಟ. ನಗು ತಹಬಂದಿಗೆ ಬಂದ ಮೇಲೆ ಅವಳು ಯಂತ್ರ ತೆರೆದು, ಮಲಗಿದ ಚುಕ್ಕಿಯ ಕಥೆಯನ್ನೆಲ್ಲ ಹೇಳಿದಳು. ಅವರು ಬೆರಳಿಟ್ಟು ನೋಡಿದರು. ತಮಗೆ ಎಲ್ಲ ಚುಕ್ಕಿಯೂ ಒಂದೇ ಥರ ಎಂದರು.

"ಹೊಸದು ಯಾಕೆ ತಗೊಂಡಿಲ್ಲ? ಸುತ್ತೋಲೆ ಬಂತಲ್ಲ."

"ಇದೇ ಅಭ್ಯಾಸ ಸರ್. ಮತ್ತೆ ಪೂರ್ತಿ ಕೆಟ್ಟಿಲ್ಲ. ಹೊಸದನ್ನ ಕಲಿಯೋಕೆ ಸಮಯ ಬೇಕು..." ಎಂದು ಶುರುಮಾಡಿದವಳು ಅರ್ಧಕ್ಕೆ ನಿಲ್ಲಿಸಿದಳು. ಇವತ್ತು ಒಮ್ಮೆ ನಿಜ ಹೇಳಿಯಾಗಿತ್ತು, ಇನ್ನೊಂದರಿಂದ ಹೆಚ್ಚೇನೂ ಹೋಗುವುದಿರಲಿಲ್ಲ. "ನಮ್ಮಣ್ಣ 'ನಾನು ಹೇಳಿರಲಿಲ್ವಾ' ಅಂತಾನೆ ಸರ್."

ಅಧ್ಯಕ್ಷರು ಮೇಜಿನ ಡ್ರಾಯರ್ ಎಳೆದು ಏನನ್ನೋ ತೆಗೆದು ಅವಳ ಅಂಗೈ ಮೇಲಿಟ್ಟರು. ಬೆರಳಿನ ಉಗುರಿನಷ್ಟು ದೊಡ್ಡದು, ನುಣುಪು, ಬಾಲವಿದ್ದ ಹುಳದ ಹಾಗಿತ್ತು.

"ಕಿವಿಗೆ ಹಾಕ್ಕೊಳ್ಳೋ ಯಂತ್ರ. ಹೊಸದು. ನನ್ನ ಹೆಂಡತಿ ತಂದುಕೊಟ್ಟು ಏಳು ತಿಂಗಳಾಯ್ತು. ಒಂದಿನ ಹಾಕ್ಕೊಂಡೆ. ನಮ್ಮನೆ ಫ್ರಿಜ್ಜು ಸದ್ದು ಮಾಡುತ್ತೆ ಅಂತ ಆವತ್ತೇ ಗೊತ್ತಾಗಿದ್ದು. ಸಭೆಗೂ ಹಾಕ್ಕೊಂಡು ಬಂದೆ. ಮೇಲ್ಬಡಾವಣೆಯವರು ಪಕ್ಕದವರ ಹತ್ರ ಪಿಸುಗುಟ್ಟಿದ್ದೆಲ್ಲ ಕೇಳಿಸ್ತು. ತೆಗೆದು ಒಳಗಿಟ್ಟೆ."

"ಮನೆಯವರಿಗೆ ಗೊತ್ತಾ ಸರ್?"

"ಹಾಕ್ಕೊಂಡಿದೀನಿ ಅಂದ್ಕೊಂಡಿದಾಳೆ." ಡ್ರಾಯರ್ ಮತ್ತೆ ಮುಚ್ಚಿತು. "ನಿಮಗೆ ನಾನೇನೂ ಆದೇಶ ಮಾಡಲ್ಲ ಮೇಡಂ. ಇದನ್ನ ಇಲ್ಲಿಟ್ಕೊಂಡು ನಿಮಗೆ ಬುದ್ಧಿ ಹೇಳೋಕೆ ನನಗೆ ಯಾವ ಮುಖ ಇದೆ?"

ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಕತ್ತೆಯ ಪ್ರಸಂಗಕ್ಕೆ ನಾಚಿಕೆಯಾಗಬೇಕಿತ್ತು. ಆದರೆ ಕೇಳಿದವರು ನಕ್ಕರು, ಸ್ವತಃ ಅಧ್ಯಕ್ಷರೇ ನಕ್ಕರು. ಮನಸ್ಸಿಗೆ ಚುಚ್ಚುತ್ತಿದ್ದದ್ದು ಮೊಳೆ. ಆ ಮನುಷ್ಯ ತನ್ನ ಬಡಾವಣೆಗೆ ಕೊಳೆ ನೀರು ಬರುತ್ತಿದೆ ಎಂದು ಎದ್ದು ನಿಂತು ದೂರಿದ್ದ. ಅದನ್ನು ಅವಳು ತಪ್ಪಿಲ್ಲದೆ ಬರೆದುಕೊಂಡಿದ್ದಳು, ಯಂತ್ರವೂ ಕೊಳೆ ಎಂದೇ ತೋರಿಸಿತ್ತು. ತಪ್ಪಿದ್ದು ಅವಳ ಊಹೆ. ಎಂಟು ತಿಂಗಳಿಂದ ತಾನು ಸಾಲಿನ ಮೊದಲನ್ನು ಓದುತ್ತಲೇ ಇಲ್ಲ, ಊಹಿಸುತ್ತಿದ್ದೇನೆ. ಊಹೆ ಸರಿಬಿದ್ದದ್ದನ್ನು ಓದು ಅಂದುಕೊಂಡಿದ್ದೇನೆ. ಇನ್ನು ಒಂದು ದಿನ ಯಾರದೋ ಮಾತು ಹೀಗೆಯೇ ಅದಲು ಬದಲಾಗಿ, ನಗುವವರು ಯಾರೂ ಇಲ್ಲದೆ ಅಂಗೀಕಾರವಾಗಿಬಿಟ್ಟರೆ? ಇಳಿಯುವ ನಿಲ್ದಾಣ ಬರುವುದರೊಳಗೆ ಅವಳ ತೀರ್ಮಾನವಾಗಿತ್ತು.

ಮನೆಗೆ ಬಂದವಳೇ, ಧೈರ್ಯ ಆರಿಹೋಗುವ ಮೊದಲು ಅಣ್ಣನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದಳು. ಕತ್ತೆಯನ್ನೂ ಬಿಡಲಿಲ್ಲ. ಕೊನೆಗೆ, "ಹೊಸದಕ್ಕೆ ಅರ್ಜಿ ಕೊಡ್ತಾ ಇದೀನಿ. ಹೇಳು, ಏನು ಹೇಳ್ಬೇಕೋ ಹೇಳಿ ಮುಗಿಸು" ಎಂದಳು.

"ನಾನು ಹೇಳಿರಲಿಲ್ವಾ?" ಎಂದ ಅಣ್ಣ.

ಅವಳು ಕಾದಳು. ಜೀವವೇನೂ ಹೋಗಲಿಲ್ಲ. ಹಲ್ಲು ಕೀಳಿಸಿಕೊಂಡ ಹಾಗೆ, ಅಯ್ಯೋ ಇಷ್ಟೇನಾ ಅನ್ನಿಸಿತು.

"ಒಂದು ಮಾತು" ಎಂದ ಅಣ್ಣ, ದನಿ ಇಳಿಸಿ. "ಹಳೇದ್ರಲ್ಲಿ ಇರೋದನ್ನೆಲ್ಲ ಮೊದಲು ಬೇರೆ ಕಡೆ ಒಂದು ಪ್ರತಿ ಮಾಡಿಟ್ಕೋ. ಆತುರ ಮಾಡ್ಬೇಡ. ನನ್ನ ಎರಡು ವರ್ಷದ ಪಾಠದ ಟಿಪ್ಪಣಿ ಪೂರ್ತಿ ಹೋಯ್ತು."

"ಯಾವಾಗ?"

"ಕೊಂಡ ಮೊದಲನೇ ವಾರದಲ್ಲೇ."

"ಮೂರು ತಿಂಗಳಿಂದ ದಿನಾ ಫೋನ್ ಮಾಡಿ ಅದನ್ನ ಹೊಗಳಿದ್ದೇ ಹೊಗಳಿದ್ದು. ಇದನ್ನ ಮಾತ್ರ ಹೇಳಲೇ ಇಲ್ಲ."

"ಹೇಳಿದ್ರೆ ನೀನು ತಗೊಳ್ತಿದ್ಯಾ?" ಎಂದ ಅಣ್ಣ. ಆಮೇಲೆ, "ಕೊಂಡಾಗಿತ್ತಲ್ಲ, ಹೊಗಳದೆ ಇನ್ನೇನು ಮಾಡ್ಲಿ?" ಎಂದ.

ಅವಳು ನಕ್ಕಳು. ಆ ಟಿಪ್ಪಣಿಗಳಲ್ಲಿ ಏನೇನಿತ್ತು ಎಂದು ಕೇಳಿದಳು. ಅವನು ಹೇಳುತ್ತ ಹೋದ, ಅವಳು ಕೇಳುತ್ತ ಹೋದಳು. ಅಣ್ಣನ ಹೊಸ ಯಂತ್ರ ಬಂದಂದಿನಿಂದ ಅವರಿಬ್ಬರೂ ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.

ಮರುದಿನ ಉಗ್ರಾಣದ ಗುಮಾಸ್ತ 'ಹೌದು' ಎಂಬಲ್ಲಿ ಗುರುತು ಹಾಕಿದ. ಆರು ವಾರಕ್ಕೆ ಹೊಸ ಯಂತ್ರ ಬಂತು. ಅಷ್ಟರಲ್ಲಿ ಅಣ್ಣ ಎರಡು ಭಾನುವಾರ ಕೂತು, ಅವಳ ಹದಿನಾಲ್ಕು ವರ್ಷದ ಸಭೆಗಳನ್ನೆಲ್ಲ ಒಂದೂ ಬಿಡದೆ ಪ್ರತಿ ಮಾಡಿಸಿಕೊಟ್ಟಿದ್ದ. ಹಳೆಯದನ್ನು ಒಪ್ಪಿಸುವ ದಿನ ಅವಳು ಉಗ್ರಾಣಕ್ಕೆ ಹೋಗಿ ಚೀಲದ ಸಮೇತ ಕೊಟ್ಟಳು. ಗುಮಾಸ್ತ ಯಂತ್ರವನ್ನು ಹೊರಗೆ ತೆಗೆದು, ಪಟ್ಟಿಯಲ್ಲಿ ಸಂಖ್ಯೆ ನೋಡಿ, ಚೀಲವನ್ನು ಅವಳ ಕೈಗೆ ವಾಪಸು ಕೊಟ್ಟ. "ಇದು ನಮ್ಮ ಪಟ್ಟಿಯಲ್ಲಿಲ್ಲ ಮೇಡಂ. ತಗೊಂಡು ಹೋಗಿ." ಖಾಲಿ ಚೀಲ ಅಂದು ದಿನವಿಡೀ ಅವಳ ಮೇಜಿನ ಮೇಲೆ ಇಟ್ಟಿಗೆಯ ಆಕಾರದಲ್ಲೇ ಕೂತಿತ್ತು.

ಹೊಸದರ ಬಾಯಿ ಮುಚ್ಚಿಸುವುದು ಹೇಗೆಂದು ಅವಳು ಮೊದಲು ಕಲಿತಳು. ಬೆರಳು ಮೂರು ದಿನದಲ್ಲಿ ಒಗ್ಗಿತು. ಒಗ್ಗದೇ ಹೋದದ್ದು ಉಸಿರು. ಇಷ್ಟು ವರ್ಷ ಇಪ್ಪತ್ತು ಮನೆ ಮುಗಿದೊಡನೆ ಮುಂದಿನ ಸಾಲಿನ ಗುಂಡಿ ಒತ್ತಬೇಕಿತ್ತು, ಅಷ್ಟರಲ್ಲಿ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ಈಗ ಸಾಲು ಮುಗಿಯುವುದೇ ಇಲ್ಲ. ಸಭೆಯ ಹಿಂದಿನ ದಿನ ಸಂಜೆ ಮುಂದಿನ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಾಗ ಮೂರನೇ ಸಾಲಿಗೇ ಏದುಸಿರು ಬಂತು. ಹೊಲಿಗೆ ಯಂತ್ರದ ಸದ್ದೂ ನಿಂತಿತು.

"ಸ್ವಲ್ಪ ನಿಲ್ಲಿಸು" ಎಂದ ಗಂಡ. "ಬಾ ಇಲ್ಲಿ, ಇದನ್ನ ಮುಟ್ಟಿ ನೋಡು."

ಅವಳು ಹೋಗಿ ಮುಟ್ಟಿದಳು. ಯಾರದೋ ಅಂಗಿಯ ತೋಳು. ಹೊಲಿಗೆ ನೆಟ್ಟಗೆ ಬಂದು ಬಂದು, ಒಂದು ಕಡೆ ದಾರಿ ತಪ್ಪಿ ಬಗಲಿನ ಹತ್ತಿರ ಎಲ್ಲೋ ಹೋಗಿತ್ತು.

"ಏನ್ರೀ ಇದು?"

"ಇಷ್ಟು ವರ್ಷ ನೀನು ಒಂದು ಸಾಲು ಓದೋ ಹೊತ್ತಿಗೆ ನಾನು ಒಂದು ಗೇಣು ಹೊಲೀತಿದ್ದೆ. ನೀನು ಉಸಿರು ತಗೊಂಡಾಗ ನಾನು ಬಟ್ಟೆ ತಿರುಗಿಸ್ತಿದ್ದೆ. ಈಗ ನೀನು ನಿಲ್ಲಿಸ್ತಾನೇ ಇಲ್ಲ, ನಾನೂ ನಿಲ್ಲಿಸ್ಲಿಲ್ಲ."

ಅವಳಿಗೆ ಅದು ಗೊತ್ತೇ ಇರಲಿಲ್ಲ. ತೋಳನ್ನು ಇನ್ನೊಮ್ಮೆ ಸವರಿ ನೋಡಿದಳು. "ಬಿಚ್ಚಿ ಹೊಲೀರಿ. ಇನ್ನು ಮೇಲೆ ವಾಕ್ಯ ಮುಗಿದ ಕಡೆ ನಿಲ್ಲಿಸ್ತೀನಿ."

"ಅದು ಎಲ್ಲಿ ಮುಗಿಯುತ್ತೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಯಾರು ಮಾತಾಡಿದ್ದು ಅನ್ನೋದರ ಮೇಲೆ. ಅಧ್ಯಕ್ಷರದು ಬೇಗ ಮುಗಿಯುತ್ತೆ. ಎಂಜಿನಿಯರದು ಮಧ್ಯಮ."

"ಮೇಲ್ಬಡಾವಣೆಯವರದು?"

"ಅವರು ಶುರು ಮಾಡಿದಾಗ ಹೇಳ್ತೀನಿ, ನೀವು ಪ್ಯಾಂಟು ಹಿಡ್ಕೊಳ್ಳಿ. ಉದ್ದದ ಹೊಲಿಗೆ."

ಗಂಡ ಹಲ್ಲಿನಲ್ಲಿ ದಾರ ಕಚ್ಚಿ ಹೊಲಿಗೆ ಬಿಚ್ಚತೊಡಗಿದ. ಅವಳು ತನ್ನ ಜಾಗಕ್ಕೆ ಹೋಗಿ ಕೂತು, ಒಂದು ಲೋಟ ನೀರು ಹತ್ತಿರ ಇಟ್ಟುಕೊಂಡು, ಮೊದಲಿಂದ ಓದಲು ಶುರುಮಾಡಿದಳು.